ಅಕ್ಕ ಚೀಲದಲ್ಲಿ ತಂದ ಡಬ್ಬಿಗಳು

ಎಲುಬು ಗಟ್ಟಿಯಾಗಲಿ ಎಂದು ನಾಲ್ಕು ತಿಂಗಳು ನಿಷ್ಠೆಯಿಂದ ನುಂಗಿದ ಪುಡಿ, ಗುಳಿಗೆ, ಎಣ್ಣೆಗಳೇ ನನ್ನ ಮೂತ್ರಪಿಂಡಗಳನ್ನು ಕೆಡಿಸಿದ್ದವು. ಇಷ್ಟು ಮಾತನ್ನು ಹೊರಗೆ ಹೇಳಲು ನನಗೆ ಒಂದು ವರ್ಷ ಹಿಡಿಯಿತು. ನಾಚಿಕೆಯೇ ದೊಡ್ಡ ಅಡ್ಡಿ. ಭಾಲ್ಕಿಯ ಕೋರ್ಟಿನಲ್ಲಿ ಇಪ್ಪತ್ತಾರು ವರ್ಷದಿಂದ ಬೆರಳಚ್ಚು ಮಾಡುವವಳು ನಾನು. ಒಂದು ಅಲ್ಪವಿರಾಮ ತಪ್ಪಿದರೂ ಹಾಳೆ ತೆಗೆದು ಮತ್ತೆ ಹೊಡೆಯುವ ರೂಢಿ. ನಮ್ಮ ಮನೆಯವರು ಹೈಸ್ಕೂಲಿನ ಗಣಿತದ ಮಾಸ್ತರರು. ಇಂಥ ಮನೆಯಲ್ಲಿ ಇಂಥದ್ದು ಹೇಗಾಯಿತು ಎಂದು ಜನ ಕೇಳಿದರೆ ಏನು ಹೇಳಲಿ ಎಂದು ಸುಮ್ಮನಿದ್ದೆ. ಆದರೆ ಆಸ್ಪತ್ರೆಯಿಂದ ಬಂದ ಮೇಲೆ ಎಷ್ಟು ಮನೆಗಳಿಗೆ ಹೋದೆನೋ ಅಷ್ಟೂ ಮನೆಗಳ ಕಪಾಟಿನಲ್ಲಿ, ಫ್ರಿಜ್ಜಿನ ಮೇಲೆ, ದೇವರ ಮಾಡದ ಪಕ್ಕದಲ್ಲಿ ಅವೇ ಡಬ್ಬಿಗಳು ಕಂಡವು. ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಅಕ್ಕ ಪಾರವ್ವನ ಬಗ್ಗೆ ಬರೆಯಬೇಕೆಂಬ ಆಸೆ ಇನ್ನೊಂದು ಕಾರಣ.

ಶುರುವಾದದ್ದು ಮೊಣಕಾಲು ನೋವಿನಿಂದ. ನಲವತ್ತೊಂಬತ್ತು ದಾಟಿತ್ತು, ಮುಟ್ಟು ನಿಂತಿತ್ತು, ಕೋರ್ಟಿನ ಮೆಟ್ಟಿಲು ಹತ್ತುವಾಗ ಕೈ ತಾನಾಗಿ ಗೋಡೆ ಹುಡುಕುತ್ತಿತ್ತು. ಭಾಲ್ಕಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ವಿಟಮಿನ್ ಡಿ ಬಹಳ ಕಡಿಮೆ ಇದೆ ಎಂದು ಪುಡಿಯ ಪೊಟ್ಟಣ ಬರೆದುಕೊಟ್ಟರು.

"ವಾರಕ್ಕೊಂದೇ ರೀ, ಹಾಲಿನಾಗ. ಎಂಟು ವಾರ ಆದ ಮ್ಯಾಲ ಬಂದು ತೋರಿಸ್ರಿ" ಎಂದರು.

ಎಂಟು ವಾರ ಸರಿಯಾಗಿ ತೆಗೆದುಕೊಂಡೆ. ಕಾಲು ಹಗುರಾದವು. ಹಗುರಾದ ಮೇಲೆ ಯಾರು ಹೋಗಿ ಸಾಲಿನಲ್ಲಿ ನಿಲ್ಲುತ್ತಾರೆ? ನೇರ ಔಷಧಿ ಅಂಗಡಿಗೆ ಹೋಗಿ ಅದನ್ನೇ ಕೇಳಿದೆ. ಪುಡಿ ತೀರಿದೆ, ಅದೇ ಔಷಧಿ ಗುಳಿಗೆಯ ರೂಪದಲ್ಲಿದೆ ಎಂದು ಬಂಗಾರದ ಬಣ್ಣದ ಪುಟ್ಟ ಕ್ಯಾಪ್ಸೂಲುಗಳ ಪಟ್ಟಿ ಕೊಟ್ಟರು. ಪುಡಿ ವಾರಕ್ಕೊಮ್ಮೆ ಎಂಬುದು ತಲೆಯಲ್ಲಿತ್ತು. ಆದರೆ ಗುಳಿಗೆ ಎಂದರೆ ದಿನಾ ನುಂಗುವುದು ಎಂದು ಕೈಗೆ ಅಭ್ಯಾಸ. ಬಿಪಿ ಗುಳಿಗೆಯ ಡಬ್ಬಿಯಲ್ಲೇ ಅದನ್ನೂ ಹಾಕಿದೆ. ಬೆಳಿಗ್ಗೆ ತಿಂಡಿಯಾದ ಮೇಲೆ ಅದೊಂದು, ಇದೊಂದು. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಯಾರನ್ನೂ ನಾನು ಕೇಳಲೂ ಇಲ್ಲ.

ದೀಪಾವಳಿ ಹೊತ್ತಿಗೆ ಮನೆಗೆ ಬೇರೆಯವೂ ಬಂದವು. ನಮ್ಮ ಓಣಿಯ ಮಂಗಲಾತಾಯಿ ಮರಾಠಿ ಮನೆಯ ಹೆಣ್ಣುಮಗಳು, ಬಹಳ ಅಂತಃಕರಣದವಳು. ಯಾವುದೋ ಕಂಪನಿಯ ಎಲುಬಿನ ಪುಡಿ ಮಾರುತ್ತಿದ್ದಳು. ತನ್ನ ಅತ್ತೆಗೂ ಅದನ್ನೇ ಕುಡಿಸುತ್ತಿದ್ದಳು, ತಾನೂ ಕುಡಿಯುತ್ತಿದ್ದಳು. ಲಾತೂರಿನ ನನ್ನ ಚಿಕ್ಕಪ್ಪನ ಮಗ ಸಮುದ್ರದ ಹವಳದಿಂದ ಮಾಡಿದ ಗುಳಿಗೆ ಎಂದು ಒಂದು ದುಬಾರಿ ಬಾಟಲಿ ಕಳಿಸಿದ. ಬೀದರಿನ ಒಂದು ಮಳಿಗೆಯಲ್ಲಿ ಕಪ್ಪು ಬೇರಿನ ಚೂರ್ಣ ಕೊಂಡೆವು. ಮೀನೆಣ್ಣೆಯ ಗುಳಿಗೆ ಹೇಗೆ ಸೇರಿಕೊಂಡಿತೋ ಈಗ ನೆನಪಿಲ್ಲ.

ಒಂದು ಭಾನುವಾರ ನಾವಿಬ್ಬರೂ ಇವನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಹೋಲಿಸಿ ನೋಡಿದ್ದೂ ಉಂಟು. ಯಾವುದು ಮೇಲು, ಯಾವುದನ್ನು ಮುಂದುವರಿಸಬೇಕು ಎಂದು. ಯಾವುದರ ಬೆಲೆ ಹೆಚ್ಚು, ಯಾವುದರ ಚೀಟಿಯ ಮೇಲೆ ಓಡುವ ಮುದುಕಿಯ ಚಿತ್ರವಿದೆ, ಯಾವುದು ಪರದೇಶದ್ದು ಎಂದು ನೋಡಿದೆವು. ಮಾಸ್ತರರು ಒಂದೊಂದು ಡಬ್ಬಿಯ ಬೆಲೆಯನ್ನು ದಿನಗಳಿಂದ ಭಾಗಿಸಿ ತೋರಿಸಿದರು. ಒಳಗಿದ್ದುದನ್ನು ಕೂಡಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ಎಲ್ಲವೂ ಒಳ್ಳೆಯವೇ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ತೆಗೆದುಕೊಳ್ಳೋಣ ಎಂದು ನಿರ್ಧಾರವಾಯಿತು.

ಸಂಕ್ರಾಂತಿಗೆ ಅಕ್ಕ ಬಂದಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ನಮ್ಮ ತವರು ಖಟಕ ಚಿಂಚೋಳಿ, ಅವಳನ್ನು ಕೊಟ್ಟದ್ದು ಔರಾದ ಕಡೆಯ ಒಂದು ಹಳ್ಳಿಗೆ. ಇಲ್ಲೂ ಕುರಿ, ಅಲ್ಲೂ ಕುರಿ. ನಾನು ಶಾಲೆಗೆ ಹೋಗಲಿ ಎಂದು ನನ್ನ ಪಾಲಿನ ಕುರಿಗಳನ್ನೂ ತಾನೇ ಹೊಡೆದುಕೊಂಡು ಹೋಗುತ್ತಿದ್ದವಳು ಅವಳು. ಅವಳಿಗೆ ಅಕ್ಷರ ಬರುವುದಿಲ್ಲ. ಆ ಸಲ ಬಂದವಳು ಅಡುಗೆಮನೆಯಲ್ಲಿ ಕೂತು ನಾನು ಪುಡಿ ಕಲಸುವುದನ್ನು ನೋಡಿದಳು.

"ಏನದು?"

"ಎಲುಬಿನ ಪುಡಿ ಅಕ್ಕ."

"ಯಾರ ಎಲುಬಿಂದು?"

ನಾನು ನಕ್ಕೆ. "ಯಾರದೂ ಅಲ್ಲ. ನಮ್ಮ ಎಲುಬು ಗಟ್ಟಿ ಆಗ್ತಾವ."

"ಮತ್ತ ಈ ಗುಳಗಿ?"

"ಅದೂ ಎಲುಬಿಗೇ."

"ಆ ಬಾಟ್ಲಿ?"

"ಅದೂ."

ಅಕ್ಕ ಬಾಟಲಿ ಎತ್ತಿ ನೋಡಿ ಕೆಳಗಿಟ್ಟಳು. "ಒಂದೇ ಬ್ಯಾನಿಗೆ ಮೂರು ದವಾ ಹಾಕಿದ್ರ ನಮ್ಮ ಕುರಿ ಡಾಕ್ಟರ್ ಬೈತಾರ" ಎಂದಳು. ನಾನು ಎಳ್ಳು ಹುರಿಯುವ ಗಡಿಬಿಡಿಯಲ್ಲಿದ್ದೆ. ಆ ಮಾತು ಅಲ್ಲಿಗೇ ಮುಗಿಯಿತು.

ಸಂಕ್ರಾಂತಿ ಕಳೆದ ಮೇಲೆ ನನಗೆ ಬಾಯಾರಿಕೆ ಶುರುವಾಯಿತು. ತಂಬಿಗೆ ನೀರು ಕುಡಿದರೂ ನಾಲಿಗೆ ಒಣಗುತ್ತಿತ್ತು. ಕೋರ್ಟಿನಲ್ಲಿ ಗಂಟೆಗೆರಡು ಸಲ ಎದ್ದು ಹೋಗಬೇಕಾಗುತ್ತಿತ್ತು. ಸಕ್ಕರೆ ಕಾಯಿಲೆಯೇ ಎಂದು ಪರೀಕ್ಷೆ ಮಾಡಿಸಿದರೆ ಅದಿಲ್ಲ. ಹೊಟ್ಟೆ ಕಟ್ಟಿತು. ಊಟ ಸೇರದಾಯಿತು, ರೊಟ್ಟಿಯ ವಾಸನೆಗೇ ಓಕರಿಕೆ. ಅದಕ್ಕೆಂದು ಅಂಗಡಿಯಿಂದ ಹೊಟ್ಟೆಯ ಆಮ್ಲ ತಗ್ಗಿಸಲು ಚೀಪುವ ಗುಳಿಗೆ ತಂದೆ, ದಿನಕ್ಕೆ ನಾಲ್ಕೈದು. ಸುಸ್ತು ನೋಡಿ ಮಂಗಲಾತಾಯಿ, "ಬಾಯಿಯವರೇ, ಕ್ಯಾಲ್ಸಿಯಂ ಕಮ್ಮಿ ಆಗಿರಬೇಕು, ಒಂದು ಚಮಚ ಜಾಸ್ತಿ ಹಾಕ್ಕೊಳ್ರಿ" ಎಂದಳು. ಹಾಕಿಕೊಂಡೆ. ಯಾವುದು ನನ್ನನ್ನು ಕೆಡಿಸುತ್ತಿತ್ತೋ ಅದನ್ನೇ ಮದ್ದೆಂದು ಹೆಚ್ಚಿಸುತ್ತ ಹೋದೆ.

ಒಂದು ದಿನ ಸಾಕ್ಷಿಯೊಬ್ಬರ ಹೇಳಿಕೆ ಹೊಡೆಯುತ್ತಿದ್ದೆ. ಜಡ್ಜ್ ಸಾಹೇಬರು ನಡುವೆ ನಿಲ್ಲಿಸಿ, "ಬಾಯಿಯವರೇ, ಆರಾಮ ಇದ್ದೀರೇನು?" ಎಂದರು. ಪರದೆಯ ಮೇಲೆ ನೋಡಿದರೆ ಒಂದೇ ಸಾಲನ್ನು ಐದು ಸಲ ಹೊಡೆದಿದ್ದೆ. ಹೊಡೆದದ್ದು ನನಗೆ ಗೊತ್ತೇ ಇರಲಿಲ್ಲ. ಅವತ್ತು ನನಗಾದ ಭಯವನ್ನು ಯಾವ ನೋವೂ ಕೊಟ್ಟಿರಲಿಲ್ಲ. ಕೈ ಕಾಲು ಹೋದರೆ ಹೋಗಲಿ, ತಲೆ ಕೈಕೊಟ್ಟರೆ ನಾನೆಂಬುವಳು ಎಲ್ಲಿರುತ್ತಾಳೆ ಎಂದು ಆಟೋದಲ್ಲಿ ಕೂತು ಅತ್ತೆ.

ಭಾಲ್ಕಿಯ ಡಾಕ್ಟರು ರಕ್ತದ ವರದಿ ನೋಡಿ ಎದ್ದು ನಿಂತರು. ಮೂತ್ರಪಿಂಡದ ಅಂಕಿ ಏರಿದೆ, ತಡಮಾಡದೆ ಬೀದರಿಗೆ ಹೋಗಿ ಎಂದರು.

ಬೀದರಿನ ಆಸ್ಪತ್ರೆಯ ಹೊರಗಿನ ಪಡಸಾಲೆಯಲ್ಲಿ ಕಬ್ಬಿಣದ ಕುರ್ಚಿಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ಒಬ್ಬರು ಎದ್ದರೆ ಸಾಲೆಲ್ಲ ಅಲ್ಲಾಡುತ್ತಿತ್ತು. ಮಾಸ್ತರರು ನನ್ನ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಎದೆಗವಚಿಕೊಂಡು ಕೂತಿದ್ದರು. ಮೂವತ್ತು ವರ್ಷ ತರಗತಿಯಲ್ಲಿ ಗುಡುಗಿದ ಮನುಷ್ಯ ಪ್ರತಿ ಹೆಸರು ಕೂಗಿದಾಗಲೂ ಬೆಚ್ಚಿ ಏಳುತ್ತಿದ್ದರು. ನಮಗೆ ಮಕ್ಕಳಿಲ್ಲ. ನನಗೇನಾದರೂ ಆದರೆ ಇವರು ಚಹಾ ಕುದಿಸಿಕೊಳ್ಳುವುದನ್ನೂ ಕಲಿತಿಲ್ಲವಲ್ಲ ಎಂಬ ಯೋಚನೆ ಆ ಮಂಕಿನಲ್ಲೂ ನನ್ನನ್ನು ಬಿಡಲಿಲ್ಲ.

ನಮ್ಮನ್ನು ನೋಡಿದ ಡಾಕ್ಟರು ಕಲಬುರಗಿ ಕಡೆಯ ತರುಣಿ. ನಮ್ಮ ವಾರ್ಡಿನಲ್ಲಿ ಎಲ್ಲರೂ ಡಾಕ್ಟರಬಾಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ನಾಡಿ ಹಿಡಿದೇ ಮಾತಾಡಿದರು.

"ದಿನಾ ಯಾವ ಔಷಧ ತೊಗೊಳ್ತೀರಿ?"

"ಬಿಪಿ ಗುಳಗಿ ಒಂದೇ ರೀ."

"ಬ್ಯಾರೆ ಏನೂ ಇಲ್ಲ?"

"ಇಲ್ರಿ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಔಷಧ ಎಂದರೆ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟದ್ದು. ಮಂಗಲಾತಾಯಿಯ ಪುಡಿ, ಚಿಕ್ಕಪ್ಪನ ಮಗ ಕಳಿಸಿದ ಹವಳದ ಗುಳಿಗೆ, ಚೂರ್ಣ ಇವೆಲ್ಲ ನನ್ನ ಲೆಕ್ಕದಲ್ಲಿ ಹಾಲು ತುಪ್ಪದ ಜಾತಿ. ಪಕ್ಕದಲ್ಲಿದ್ದ ಮಾಸ್ತರರೂ ತಲೆಯಾಡಿಸಿ, "ಇಲ್ರಿ, ಏನೂ ಇಲ್ಲ" ಎಂದರು.

ಎರಡನೆಯ ದಿನ ಬಂದ ವರದಿಯಲ್ಲಿ ರಕ್ತದ ಕ್ಯಾಲ್ಸಿಯಂ ಇರಬೇಕಾದದ್ದಕ್ಕಿಂತ ಬಹಳ ಮೇಲಿತ್ತು. ಕೈಗೆ ಸಲೈನ್ ಹಚ್ಚಿದರು, ಎದೆಗೆ ತಂತಿ ಅಂಟಿಸಿದರು. ಡಾಕ್ಟರಬಾಯಿ ಮಾಸ್ತರರನ್ನು ಹೊರಗೆ ಕರೆದರು. ತಿರುಗಿ ಬಂದಾಗ ಅವರ ಮುಖ ಸುಣ್ಣದ ಗೋಡೆಯಂತಿತ್ತು. ನಾನು ಬಿಡದೆ ಕೇಳಿದ ಮೇಲೆ ಹೇಳಿದರು. ಇಷ್ಟು ಏರಲು ಇರುವ ಕಾರಣಗಳಲ್ಲಿ ಕ್ಯಾನ್ಸರೂ ಒಂದು, ಎಲುಬಿನೊಳಗಿನ ಮಜ್ಜೆ ತೆಗೆದು ನೋಡಬೇಕಾಗಬಹುದು. ಡಾಕ್ಟರಬಾಯಿಯ ಸಂಶಯ ತಪ್ಪೇನಲ್ಲ. ನಾವು ಹೇಳಿದ್ದರ ಮೇಲೆ ಅವರು ಸರಿಯಾಗಿಯೇ ಯೋಚಿಸಿದ್ದರು. ನಾವು ಹೇಳಿದ್ದೇ ಅರ್ಧ.

ಆ ಮಧ್ಯಾಹ್ನ ಅಕ್ಕ ಔರಾದದಿಂದ ಬಸ್ಸಿನಲ್ಲಿ ಬಂದಳು. ಕಾಲಲ್ಲಿ ಅಡವಿಯ ಧೂಳು ಹಾಗೇ ಇತ್ತು. ನನ್ನ ಹಣೆ ಮುಟ್ಟಿ ನೋಡಿದಳು, ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದಳು, ಕುರಿಯನ್ನು ನೋಡಿದ ಹಾಗೆಯೇ. ಮಾಸ್ತರರು ಹೇಳಿದ್ದನ್ನೆಲ್ಲ ಕೇಳಿದಳು. ಕ್ಯಾನ್ಸರ್ ಎಂಬ ಮಾತು ಬಂದಾಗ ಸೆರಗು ಬಾಯಿಗೆ ಹಿಡಿದಳು, ಆದರೆ ಅಳಲಿಲ್ಲ.

"ಮಾಸ್ತರ್ರ, ಅಕಿ ಡಬ್ಬಿ ತೋರಿಸೀರೇನು ಡಾಕ್ಟರಿಗೆ?"

"ಯಾವ ಡಬ್ಬಿ ಅಕ್ಕವ್ರ?"

"ಎಲುಬಿನ ಪುಡಿ, ಗುಳಗಿ, ಎಲ್ಲಾ. ಅಡಗಿ ಮನ್ಯಾಗ ಸಾಲಿಗಿ ಇಟ್ಟಿದ್ದಳಲ್ಲ."

"ಅವು ಔಷಧ ಅಲ್ಲ ಅಕ್ಕವ್ರ, ಶಕ್ತಿಗೆ ತೊಗೊಳ್ಳೋವು."

"ಕುರಿ ಹೊಟ್ಟಿ ಉಬ್ಬಿಸಿಕೊಂಡು ಬಿದ್ರ ನಾವು ಮೊದಲ ಏನು ನೋಡ್ತೇವಿ? ಏನು ತಿಂತು ಅಂತ ನೋಡ್ತೇವಿ. ಜ್ವಾಳದ ಎಳೀ ಚಿಗುರು ಮೇವೇ ಅಲ್ಲೇನ್ರಿ? ಹಸಿದ ಕುರಿ ಅದನ್ನ ತಿಂದ್ರ ನಿಂತಲ್ಲೇ ಬೀಳ್ತದ. ಮನಿ ಕೀಲಿ ಕೊಡ್ರಿ."

ಮಾಸ್ತರರು ಕೀಲಿ ಕೊಟ್ಟರು. ಅವಳು ನೀರು ಕೂಡ ಕುಡಿಯದೆ ಭಾಲ್ಕಿಯ ಬಸ್ಸು ಹತ್ತಿದಳು. ಮರುದಿನ ಬೆಳಿಗ್ಗೆ ಡಾಕ್ಟರಬಾಯಿ ವಾರ್ಡಿಗೆ ಬರುವ ಹೊತ್ತಿಗೆ ಅವಳು ದೊಡ್ಡ ಗೋಣಿಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದಳು.

ಓದಲು ಬಾರದ ಅಕ್ಕ ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಿ ಕೂತಿರಲಿಲ್ಲ. ಎಲ್ಲವನ್ನೂ ತಂದಿದ್ದಳು. ಎಲುಬಿನ ಪುಡಿಯ ತುಂಬಿದ ಡಬ್ಬಿ ಒಂದು, ಖಾಲಿ ಡಬ್ಬಿ ಮೂರು. ಹವಳದ ಬಾಟಲಿ, ಚೂರ್ಣ, ಮೀನೆಣ್ಣೆ. ಕಸದ ಬುಟ್ಟಿಯಿಂದ ಆರಿಸಿದ ಕ್ಯಾಪ್ಸೂಲಿನ ಖಾಲಿ ಪಟ್ಟಿಗಳು, ಮೂಲೆಯಲ್ಲಿ ಬಿದ್ದಿದ್ದ ಚೀಪುವ ಗುಳಿಗೆಗಳ ಕಾಗದ. ಜೊತೆಗೆ ಹಲ್ಲಿನ ಪುಡಿ, ಇಂಗಿನ ಡಬ್ಬಿ, ಮಾಸ್ತರರ ತಲೆಗೆ ಹಚ್ಚುವ ಕಪ್ಪು ಬಣ್ಣವೂ ಇದ್ದವು. ಎಲ್ಲವನ್ನೂ ಹಾಸಿಗೆಯ ಕಾಲ ಬಳಿ ಸುರಿದಳು.

"ಇಷ್ಟು ಅಕಿ ಮನ್ಯಾಗ ಇದ್ದದ್ದು ನೋಡ್ರಿ. ಯಾವುದು ಬಾಯಾಗ ಹೋಗ್ಯಾದ, ಯಾವುದು ತಲಿಗೆ ಹೋಗ್ಯಾದ ನಂಗ ತಿಳಿಯಂಗಿಲ್ಲ."

ಡಾಕ್ಟರಬಾಯಿ ಕ್ಯಾಪ್ಸೂಲಿನ ಖಾಲಿ ಪಟ್ಟಿ ಕೈಗೆತ್ತಿಕೊಂಡರು. ಇನ್ನೊಂದು ಎತ್ತಿದರು. ಎಣಿಸಿದರು. ಆಮೇಲೆ ನನ್ನ ಕಡೆ ನೋಡಿ ಬಹಳ ಮೆಲ್ಲಗೆ ಕೇಳಿದರು. "ಇವು ಎಷ್ಟು ದಿನಕ್ಕೊಮ್ಮೆ ತೊಗೊಂಡ್ರಿ?"

"ದಿನಾ."

ಅವರು ಬೈಯಲಿಲ್ಲ. ಇದನ್ನು ನಾನು ಇವತ್ತಿಗೂ ನೆನೆಯುತ್ತೇನೆ. ಹಾಸಿಗೆಯ ಅಂಚಿಗೆ ಕೂತು, "ಅಕ್ಕಾರ, ಇದು ವಾರಕ್ಕೊಂದು" ಎಂದರು, ಅಷ್ಟೇ. ನರ್ಸನ್ನು ಕರೆದು ವಿಟಮಿನ್ ಡಿ ಪರೀಕ್ಷೆಗೆ ರಕ್ತ ತೆಗೆಯಲು ಹೇಳಿದರು. ಮಜ್ಜೆಯ ಪರೀಕ್ಷೆ ಸದ್ಯಕ್ಕೆ ನಿಲ್ಲಲಿ ಎಂದರು. ನಂತರ ಔಷಧಿ ವಿಭಾಗದಿಂದ ಗೌಸ್ ಸಾಹೇಬರನ್ನು ಕರೆಸಿದರು.

ಗೌಸ್ ಸಾಹೇಬರು ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹಿರಿಯ ಔಷಧಿಗಾರರು. ಬಿಳಿ ಗಡ್ಡ, ದಾರ ಕಟ್ಟಿದ ಕನ್ನಡಕ. ಅಷ್ಟೂ ಡಬ್ಬಿಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟು, ಭೂತಗನ್ನಡಿ ಹಿಡಿದು, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದತೊಡಗಿದರು. ಮಾಸ್ತರರ ಕೈಗೆ ಹಾಳೆ, ಪೆನ್ನು ಕೊಟ್ಟು ಬರೆಯಲು ಹೇಳಿದರು. ಅಕ್ಕ ಪಕ್ಕದಲ್ಲಿ ನಿಂತು ಒಂದೊಂದಕ್ಕೂ ಪ್ರಶ್ನೆ ಕೇಳಿದಳು. ನಾನು ಮಲಗಿದಲ್ಲಿಂದಲೇ ಕೇಳಿಸಿಕೊಂಡೆ. ತಲೆ ಮಂಜಾಗಿದ್ದರೂ ಆ ಮಾತುಗಳು ಹೇಗೋ ಒಳಗೆ ಇಳಿದವು.

"ಇದರಾಗ ಕ್ಯಾಲ್ಸಿಯಂ ಅದ, ವಿಟಮಿನ್ ಡೀನೂ ಅದ" ಎಂದು ಪುಡಿಯ ಡಬ್ಬಿ ಕೆಳಗಿಟ್ಟರು. ಹವಳದ ಬಾಟಲಿ ಎತ್ತಿದರು. "ಇದರಾಗೂ ಅವೇ ಎರಡು. ಹೆಸರು ಬ್ಯಾರೆ, ಡಬ್ಬಿ ಬ್ಯಾರೆ, ಅಂದರ್ ಕಾ ಮಾಲ್, ಒಳಗಿನ ಸರಕು, ಒಂದೇ. ಮೀನೆಣ್ಣ್ಯಾಗೂ ಡಿ ಅದ. ಚೀಪೋ ಗುಳಿಗ್ಯಾಗ ಬರೀ ಕ್ಯಾಲ್ಸಿಯಂ."

"ಹವಳದ್ದು ಬಾಳ ತುಟ್ಟಿ ಅಂತಾಳ ನನ್ನ ತಂಗಿ" ಎಂದಳು ಅಕ್ಕ.

"ತುಟ್ಟಿ ಹೌದವ್ವಾ. ನಮ್ಮ ಕೌಂಟರಿನಾಗ ಪುಕ್ಕಟೆ ಕೊಡೋ ಕ್ಯಾಲ್ಸಿಯಂ ಗುಳಿಗ್ಯಾಗ ಇದ್ದದ್ದೇ ಇದರಾಗ ಅದ. ಎರಡೂ ಸುಣ್ಣದ ಜಾತಿನೇ."

"ಎಲಿಗೆ ಹಚ್ಚೋ ಸುಣ್ಣ?"

"ಅದರ ತಮ್ಮ ಅನ್ರಿ."

ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಮೂರು ದಿನದಲ್ಲಿ ನಮ್ಮ ಹಾಸಿಗೆಯ ಹತ್ತಿರ ಕೇಳಿದ ಮೊದಲ ನಗು ಅದು.

ಕಪ್ಪು ಚೂರ್ಣದ ಪೊಟ್ಟಣವನ್ನು ಗೌಸ್ ಸಾಹೇಬರು ಹಿಂದೆ ಮುಂದೆ ಬಹಳ ಹೊತ್ತು ತಿರುಗಿಸಿದರು. ಶುದ್ಧ, ನೈಸರ್ಗಿಕ, ಅಡ್ಡ ಪರಿಣಾಮವಿಲ್ಲ ಎಂದು ಮಾತ್ರ ಅಚ್ಚಾಗಿತ್ತು.

"ಇದರಾಗ ಏನದ ರೀ?"

"ಬರ್ದಿಲ್ಲ."

"ಎಷ್ಟು ಹಾಕಬೇಕು?"

"ಅದೂ ಬರ್ದಿಲ್ಲ."

"ಬರೀದಿದ್ರ ಜನ ಹ್ಯಾಂಗ ತೊಗೊಳ್ತಾರ?"

"ಚಮಚಾ ಎಷ್ಟು ದೊಡ್ಡದದೋ ಅಷ್ಟು."

ಅಕ್ಕ ತಲೆಯಾಡಿಸಿದಳು. "ನಮ್ಮ ಕಡಿ ಜಂತಿನ ದವಾ ಹಾಕೋ ಮುಂದ ಕುರಿ ಎತ್ತಿ ತೂಕ ನೋಡ್ತೇವಿ ರೀ. ಮರಿಗಿಷ್ಟು, ಟಗರಿಗಿಷ್ಟು. ಒಮ್ಮಿ ನಾ ಹೊಸದಾಗಿ ಗಂಡನ ಮನಿಗಿ ಬಂದಾಗ, ನಮ್ಮತ್ತಿ ಬೆಳಗ್ಗೆ ಹಾಕಿದ್ದು ತಿಳೀದೆ ಸಂಜಿಗಿ ನಾನೂ ಹಾಕ್ದೆ. ಒಳ್ಳೇದಾಗಲಿ ಅಂತನೇ ಹಾಕ್ದೆ. ಎರಡು ಮರಿ ಸತ್ತವು."

ಗೌಸ್ ಸಾಹೇಬರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಇದನ್ನ ಕಾಲೇಜಿನಾಗ ನಮಗ ಒಂದು ವರ್ಷ ಕಲಿಸ್ತಾರವ್ವಾ" ಎಂದರು.

ಅಷ್ಟರಲ್ಲಿ ಮಾಸ್ತರರು ಕೂಡಿಸಿ ಮುಗಿಸಿದ್ದರು. ಹಾಳೆಯನ್ನು ಡಾಕ್ಟರಬಾಯಿಗೆ ಕೊಟ್ಟರು. ವಾರಕ್ಕೆ ಆಗಬೇಕಾದದ್ದಕ್ಕಿಂತ ಹೆಚ್ಚನ್ನು ನಾನು ದಿನಕ್ಕೇ ತಿಂದಿದ್ದೆ, ನಾಲ್ಕು ತಿಂಗಳು. "ಇದು ಆರನೇ ಇಯತ್ತೆ ಹುಡುಗರು ಕೂಡಿಸೋ ಲೆಕ್ಕ" ಎಂದು ಅವರು ಯಾರಿಗೂ ಅಲ್ಲದಂತೆ ಹೇಳಿಕೊಂಡರು.

ವಿಟಮಿನ್ ವರದಿ ಬರಲು ಎರಡು ದಿನವಾಯಿತು. ಅಂಕಿಯೇ ಇರಲಿಲ್ಲ, ಯಂತ್ರ ಅಳೆಯುವ ಮಿತಿಗಿಂತ ಮೇಲೆ ಎಂದು ಬರೆದಿತ್ತು. ಆ ಹಾಳೆ ನೋಡಿ ನಾನೂ ಮಾಸ್ತರರೂ ಕೈ ಹಿಡಿದುಕೊಂಡು ಕೂತೆವು. ವಿಷವೇರಿದೆ ಎಂಬ ಸುದ್ದಿ ಕೇಳಿ ಸಂತೋಷಪಟ್ಟವರು ಆ ಆಸ್ಪತ್ರೆಯಲ್ಲಿ ನಾವಿಬ್ಬರೇ ಇದ್ದಿರಬೇಕು. ಕ್ಯಾನ್ಸರ್ ಅಲ್ಲ, ಇಳಿಸಬಹುದಾದದ್ದು.

ಇಳಿಯುವುದು ಮಾತ್ರ ಬಹಳ ನಿಧಾನ. ಹದಿನಾಲ್ಕು ದಿನ ವಾರ್ಡಿನಲ್ಲಿದ್ದೆ. ಬಾಟಲಿ ಮೇಲೆ ಬಾಟಲಿ ಸಲೈನು, ಒಂದು ಸೂಜಿ, ಕೆಲವು ಗುಳಿಗೆ. ಆ ಗುಳಿಗೆಗಳನ್ನು ನಾನು ನುಂಗುವ ಮೊದಲು ಅಕ್ಕ ನರ್ಸಿಗೆ ಪ್ರತಿ ಸಲ ಕೇಳುತ್ತಿದ್ದಳು. ಇದು ಯಾಕೆ, ದಿನಕ್ಕೆಷ್ಟು, ಎಷ್ಟು ದಿನ. ಮೊದಮೊದಲು ನರ್ಸಿಗೆ ಬೇಸರವಾಗುತ್ತಿತ್ತು. ನಾಲ್ಕನೆಯ ದಿನದಿಂದ ಅಕ್ಕ ಕೇಳುವ ಮೊದಲೇ ಅವರೇ ಹೇಳತೊಡಗಿದರು. ಪಕ್ಕದ ಹಾಸಿಗೆಯಲ್ಲಿ ಭಾತಂಬ್ರಾದ ಒಬ್ಬ ಅಜ್ಜಿ ಇದ್ದಳು. ಆಕೆಯೂ ತನ್ನ ಗುಳಿಗೆಯನ್ನು ಅಕ್ಕನಿಗೆ ತೋರಿಸಿ, "ಪಾರವ್ವ, ಇದನ್ನೂ ಕೇಳವ್ವ" ಎನ್ನುತ್ತಿದ್ದಳು. ಒಂದು ವಾರದಲ್ಲಿ ಆ ವಾರ್ಡಿನ ಎಂಟು ಹಾಸಿಗೆಯ ಹೆಂಗಸರಿಗೂ ತಾವು ಏನು ನುಂಗುತ್ತಿದ್ದೇವೆ ಎಂದು ಗೊತ್ತಿತ್ತು.

ಒಂಬತ್ತನೆಯ ದಿನ ಅಜ್ಜಿಯ ಮಗಳು ಜೋಳದ ಅಂಬಲಿ ತಂದಿದ್ದಳು. ಒಂದು ಲೋಟ ನನಗೂ ಕೊಟ್ಟಳು. ಎರಡು ತಿಂಗಳ ನಂತರ ಅವತ್ತು ಮೊದಲ ಬಾರಿಗೆ ನಾಲಿಗೆಗೆ ಉಪ್ಪು ಉಪ್ಪಾಗಿ ಹತ್ತಿತು. ಇನ್ನೊಂದು ಲೋಟ ಕೇಳಿದೆ. ಮಾಸ್ತರರು ಮುಖ ಆ ಕಡೆ ತಿರುಗಿಸಿ ಕನ್ನಡಕ ಒರೆಸಿಕೊಂಡರು.

ಮಂಗಲಾತಾಯಿ ನೋಡಲು ಬಂದಳು. ಬಾಗಿಲಲ್ಲೇ ಅಳತೊಡಗಿದಳು. ಅವಳನ್ನು ನೋಡಿ ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ನಾನು ಗೋಡೆಯ ಕಡೆ ಹೊರಳಿದೆ. ಅಕ್ಕನೇ ಎದ್ದು ಹೋಗಿ ಅವಳ ಕೈ ಹಿಡಿದು ಕೂರಿಸಿದಳು.

"ನೀ ಬೇಕಂತ ಕೊಟ್ಟೀ ಏನು? ನಿಮ್ಮತ್ತಿಗೂ ಅದನ್ನೇ ಕೊಡ್ಲಾಕತ್ತಿ ಅಲ್ಲ. ಅವ್ರಿಗೆ ಹ್ಯಾಂಗದ? ನೀರು ಬಾಳ ಕುಡೀತಾರೇನು?"

ಮಂಗಲಾತಾಯಿಯ ಅಳು ನಿಂತಿತು. ಅತ್ತೆಗೆ ಹೊಟ್ಟೆ ಕಟ್ಟಿ ಹದಿನೈದು ದಿನವಾಗಿತ್ತು, ವಯಸ್ಸಾಗಿದೆ ಎಂದು ಬಿಟ್ಟಿದ್ದರು. ಮರುದಿನವೇ ಅತ್ತೆಯನ್ನು ಡಬ್ಬಿಗಳ ಸಮೇತ ಕರೆತಂದಳು. ಅವರಿಗೆ ಇನ್ನೂ ಅಷ್ಟು ಏರಿರಲಿಲ್ಲ, ನಿಲ್ಲಿಸಿದ್ದರಿಂದಲೇ ಸರಿಹೋಯಿತು. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದ ಹೊತ್ತಿನಲ್ಲಿ ಅಕ್ಕ ಒಬ್ಬ ಮುದುಕಿಯನ್ನು ಉಳಿಸಿದಳು. ಮಂಗಲಾತಾಯಿ ಪುಡಿ ಮಾರುವುದು ಬಿಟ್ಟಳು. ಅದೇ ಕಂಪನಿಯ ಸಾಬೂನು ಈಗಲೂ ಮಾರುತ್ತಾಳೆ, ನಾನೂ ಕೊಳ್ಳುತ್ತೇನೆ.

ನನ್ನ ಮೂತ್ರಪಿಂಡಗಳು ಬಹುಪಾಲು ಚೇತರಿಸಿಕೊಂಡಿವೆ, ಪೂರ್ತಿ ಅಲ್ಲ. ಮೂರು ತಿಂಗಳಿಗೊಮ್ಮೆ ಬೀದರಿಗೆ ಹೋಗಿ ರಕ್ತ ಕೊಡಬೇಕು. ಮೊಣಕಾಲು ನೋವು ತಿರುಗಿ ಬಂದಿದೆ, ಕೋರ್ಟಿನಲ್ಲಿ ಕೆಳಮಹಡಿಗೆ ಕುರ್ಚಿ ಹಾಕಿಸಿಕೊಂಡಿದ್ದೇನೆ. ತಲೆ ಮಾತ್ರ ತಿಳಿಯಾಗಿದೆ. ಡಬ್ಬಿಗಳ ಮೇಲೆ ನನಗೆ ದ್ವೇಷವಿಲ್ಲ. ಮೊದಲ ಎಂಟು ವಾರ ಅದೇ ವಿಟಮಿನ್ ನನ್ನನ್ನು ನಡೆಸಿತ್ತು. ಮುಂದೆ ಮತ್ತೆ ಕಡಿಮೆಯಾದರೆ ಮತ್ತೆ ಬೇಕಾಗಬಹುದು, ಆಗ ತಾವೇ ಅಳತೆ ಹೇಳುವುದಾಗಿ ಹೇಳಿದ್ದಾರೆ ಡಾಕ್ಟರಬಾಯಿ. ಗಿಡಮೂಲಿಕೆ ಎಂದರೆ ಏನೂ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಏನಿದೆ, ಎಷ್ಟಿದೆ, ಬೇರೆ ಯಾವುದರ ಜೊತೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಹೋದ ತಿಂಗಳು ತಪಾಸಣೆಗೆ ಹೋದಾಗ ಅಕ್ಕನೂ ಜೊತೆಗಿದ್ದಳು. ವರದಿ ಚೆನ್ನಾಗಿತ್ತು. ನಾವು ಹೊರಡುವಷ್ಟರಲ್ಲಿ ಡಾಕ್ಟರಬಾಯಿ ತಡೆದರು. ಪಕ್ಕದ ಕೋಣೆಯಲ್ಲಿ ಆರೇಳು ಜನ ಕಲಿಯುವ ಡಾಕ್ಟರುಗಳು ನಿಂತಿದ್ದರು. ಅಕ್ಕನ ಕೈ ಹಿಡಿದು ಅವರ ಮುಂದೆ ಕರೆದೊಯ್ದರು.

"ಈ ಪೇಷಂಟಿಗೆ ಏನಾಗಿತ್ತು ಅಂತ ನಾನು ಕಂಡುಹಿಡೀಲಿಲ್ಲ. ಇವರು ಕಂಡುಹಿಡಿದರು. ಪಾರವ್ವಕ್ಕಾರ, ಹ್ಯಾಂಗ ಹೊಳೀತು ಹೇಳ್ರಿ ಇವರಿಗೆ."

ಅಕ್ಕ ನನ್ನ ಕಡೆ ನೋಡಿದಳು. ಸೆರಗು ಸರಿಮಾಡಿಕೊಂಡಳು.

"ಕುರಿ ಮಾತಾಡಂಗಿಲ್ರಿ. ಅದಕ್ಕ ಅದು ಎಲ್ಲಿ ಮೇದದ, ಏನು ತಿಂದದ ಅಂತ ನಾವೇ ತಿರುಗಾಡಿ ನೋಡಬೇಕು. ನನ್ನ ತಂಗಿ ಮಾತಾಡ್ತಾಳ, ಓದ್ಯಾಳ. ಆದ್ರ ಅಕಿಗೂ ಎಲ್ಲಾ ಹೇಳಾಕ ಬರಲಿಲ್ಲ ನೋಡ್ರಿ. ನೀವು ಕೇಳಿದ ಮ್ಯಾಲ ಇಲ್ಲ ಅಂದ್ರು ಅಂತ ಬಿಡಬ್ಯಾಡ್ರಿ. ಮನ್ಯಾಗ ಏನದ ಅದನ್ನ ತರಾಕ ಹೇಳ್ರಿ."

ಅಷ್ಟು ಹೇಳಿ ಮೈಯೆಲ್ಲ ಬೆವರಿ ಹೊರಗೆ ಬಂದಳು.

ಬಸ್ ನಿಲ್ದಾಣದಲ್ಲಿ ಇಬ್ಬರೂ ಚಹಾ ಕುಡಿದೆವು. ಔರಾದದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಕ್ಕ ಲೋಟ ಕೆಳಗಿಟ್ಟು ಕೇಳಿದಳು.

"ಅಲ್ಲಿ ಮುಂದ ನಿಂತ ಹುಡುಗಿ ಏನೋ ಬರ್ಕೊಳ್ಳಾಕತ್ತಿತ್ತಲ್ಲ. ಏನು ಬರ್ಕೊಂಡ್ತು?"

"ನೀ ಅಂದದ್ದು ಅಕ್ಕ."

"ನಾ ಅಂದದ್ದು?"

"ಹೂಂ. ನೀ ಅಂದದ್ದೇ."

ಬಸ್ಸು ಬರುವ ತನಕ ಅವಳು ನನ್ನ ಕೈ ಹಿಡಿದುಕೊಂಡೇ ಕೂತಿದ್ದಳು.